ಕೊಳೆರೋಗಕ್ಕೆ ಮನೆಯಾಕೆ ಕಾರಣಳೇ?

ಕೃಷಿ ಮತ್ತು ಆರೋಗ್ಯದ ಈ ಪುಟದಲ್ಲಿ ಗಂಡ ಹೆಂಡಿರ ಜಗಳದ ಮಾತು ಯಾಕೆ ಬಂತು ಎಂದು ಓದುಗರಲ್ಲಿ ಕೆಲವರು ಕೇಳಬಹುದು. ನಾನು ಬರೆಯಲು ಹೊರಟದ್ದು ಅಡಿಕೆಯ ಕೊಳೆರೋಗದ ಬಗ್ಗೆಯೇ. ಆದರೆ ರೋಗ ನೋಡಲು ಹೋದ ತೋಟದಲ್ಲಿ ಮರದ ಮೇಲಿದ್ದ ರೋಗಕ್ಕಿಂತ ಅಂಗಳದಲ್ಲಿದ್ದ ರೋಗವೇ ನನಗೆ ದೊಡ್ಡದಾಗಿ ಕಂಡಿತು. ಅದಕ್ಕೆ ಮೈಲುತುತ್ತು ಸುಣ್ಣ ಸಾಕಾಗುವುದಿಲ್ಲ. ಆದ್ದರಿಂದ ಇಷ್ಟು ಬರೆಯಬೇಕಾಯಿತು.

2025ರ ಜುಲೈ ತಿಂಗಳು. ಕಾಸರಗೋಡಿನ ನಮ್ಮ ಕಡೆಯ ಒಂದು ಮನೆ. ಹೆಸರು, ಊರು ಬೇಡ. ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮಳೆ ಸ್ವಲ್ಪ ಬಿಟ್ಟಿತ್ತು. ಮರದ ಬುಡದಲ್ಲೆಲ್ಲ ಎಳೆಕಾಯಿ ಉದುರಿ ಬಿದ್ದಿತ್ತು. ಒಂದನ್ನು ಹೆಕ್ಕಿ ನೋಡಿದೆ. ತೊಟ್ಟಿನ ಹತ್ತಿರ ನೀರಲ್ಲಿ ನೆನೆದಂಥ ಕಡುಹಸಿರು ಕಲೆ, ಇನ್ನು ಕೆಲವಕ್ಕೆ ಬೂದಿ ಮೆತ್ತಿದಂತೆ ಬಿಳಿ ಬೂಷ್ಟು. ಸಂಶಯವೇ ಇಲ್ಲ, ಮಹಾಳಿ. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಶುರುಮಾಡಿದರು.

"ಮೇ ತಿಂಗಳಲ್ಲೇ ಮದ್ದು ಬಿಡುವವರಿಗೆ ಹೇಳು ಅಂತ ನೂರು ಸಲ ಹೇಳಿದ್ದೆ. ಇವಳಿಗೆ ತವರುಮನೆಯ ಮದುವೆಯದ್ದೇ ಗೌಜಿ. ಇವಳನ್ನು ನಂಬಿದ್ದಕ್ಕೆ ತೋಟ ಹೋಯಿತು ನೋಡಿ."

ಅಕ್ಕ ಜಗಲಿಯಿಂದಲೇ ಉತ್ತರ ಕೊಟ್ಟರು. "ಹೌದು, ಎಲ್ಲ ನನ್ನಿಂದಲೇ. ಮೈಲುತುತ್ತಿಗೆ ಅಂತ ತೆಗೆದಿಟ್ಟ ಹಣ ಎಲ್ಲಿಗೆ ಹೋಯಿತು ಅಂತ ಇವರ ಹತ್ತಿರ ಒಮ್ಮೆ ಕೇಳಿ. ಯಾವತ್ತೂ ಹಾಗೆಯೇ ಇವರು. ಇವರ ಅಪ್ಪನೂ ಹಾಗೆಯೇ ಇದ್ದದ್ದು."

ಹೈಸ್ಕೂಲಿಗೆ ಹೋಗುವ ಮಗಳು ಕಾಫಿ ತಂದವಳು ತಟ್ಟೆಯನ್ನು ಗೋಡೆಯ ಮೇಲಿಟ್ಟು ಮಾತಾಡದೆ ಒಳಗೆ ಹೋದಳು. ಆ ಮಗುವಿನ ಮುಖ ನೋಡಿದಾಗ ನನಗೆ ಈ ಜಗಳ ಇವತ್ತಿನದ್ದಲ್ಲ ಎಂದು ತಿಳಿಯಿತು.

ಈಗ ನಿಜ ಸಂಗತಿ ಏನು? ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುಂಚೆ ಆಗಬೇಕು, ಎರಡನೆಯದು ಅಲ್ಲಿಂದ 40-45 ದಿನಕ್ಕೆ. ಇದನ್ನು ನಾವೆಲ್ಲ ಬಲ್ಲೆವು. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. 2025ರಲ್ಲಿ ಅದು ಮೇ 24ಕ್ಕೇ ಬಂತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಆ ಮನೆಗೆ ಮದ್ದು ಬಿಡುವವರು ಗೊತ್ತಾಗಿದ್ದದ್ದು ಮೇ 26ಕ್ಕೆ. ಗೊತ್ತು ಮಾಡಿದವರು ಯಾರು? ಹೆಂಡತಿಯೇ. ಮರ ಹತ್ತುವವರು ಸಿಗದ ಈ ಕಾಲದಲ್ಲಿ ಐದಾರು ಕಡೆ ಫೋನು ಮಾಡಿ ಅವರು ಒಬ್ಬರನ್ನು ಒಪ್ಪಿಸಿದ್ದರು. ಮಳೆ ಎರಡು ದಿನ ಮೊದಲೇ ಬಂತು, ಬಂದದ್ದು ಬಿಡಲಿಲ್ಲ. ಇನ್ನು ಹಣದ ವಿಷಯ. ಅದು ಹೋದದ್ದು ಯಜಮಾನರ ತಾಯಿಯ ಕಣ್ಣಿನ ಪೊರೆಯ ಆಪರೇಷನ್ನಿಗೆ. ಅದನ್ನು ಹೆಂಡತಿಗೆ ಹೇಳಿದರೆ ಏನನ್ನುತ್ತಾಳೋ ಎಂದು ಅವರು ಹೇಳಿರಲಿಲ್ಲ. ಇಷ್ಟು ಹೊರಗೆ ಬರಲು ಅಂದು ಎರಡು ಗಂಟೆ ಹಿಡಿಯಿತು. ಇಬ್ಬರಲ್ಲಿ ಒಬ್ಬರೂ ಸೋಮಾರಿಗಳಲ್ಲ, ಒಬ್ಬರೂ ಕಳ್ಳರಲ್ಲ. ಆದರೂ ಆ ಅಂಗಳದಲ್ಲಿ ಒಬ್ಬರನ್ನೊಬ್ಬರು ತಪ್ಪಿತಸ್ಥರ ಕಟ್ಟೆಯಲ್ಲಿ ನಿಲ್ಲಿಸಿಯಾಗಿತ್ತು.

ಇಲ್ಲಿ ಒಂದು ವಿಚಿತ್ರ ಗಮನಿಸಿ. ಮರಕ್ಕೆ ರೋಗ ಬಂದಾಗ ನಾವು "ಯಾಕೆ?" ಎಂದು ಕೇಳುತ್ತೇವೆ. ಮಳೆ ಹೆಚ್ಚಾಯಿತೇ, ಬಸಿಗಾಲುವೆ ಕಟ್ಟಿತೇ, ನೆರಳು ಜಾಸ್ತಿಯಾಯಿತೇ ಎಂದು ಹುಡುಕುತ್ತೇವೆ. "ಈ ಮರದ ಜಾತಿಯೇ ಕೆಟ್ಟದ್ದು, ಬೇಕೆಂದೇ ನನ್ನ ಹೊಟ್ಟೆಗೆ ಹೊಡೆದಿದೆ" ಎಂದು ಯಾವ ಕೃಷಿಕನೂ ಹೇಳುವುದಿಲ್ಲ. ಮನೆಯಲ್ಲಿ ಒಂದು ಕೆಲಸ ಕೆಟ್ಟಾಗ ಮಾತ್ರ ನಾವು "ಯಾಕೆ" ಎಂದು ಕೇಳದೆ "ಯಾರು" ಎಂದು ಕೇಳುತ್ತೇವೆ. ಸಿಕ್ಕಿದ ಉತ್ತರವೂ ಯಾವಾಗಲೂ ಒಂದೇ: ನಾನಲ್ಲ.

ಇದು ನನ್ನ ಕಲ್ಪನೆಯ ಮಾತಲ್ಲ. ಮನಶ್ಶಾಸ್ತ್ರ ಓದಿದವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಫ್ರಿಟ್ಸ್ ಹೈಡರ್ ಎಂಬವರು 1958ರಲ್ಲಿ ಬರೆದ ಪುಸ್ತಕದಲ್ಲಿ, ಮನುಷ್ಯನು ಪರರ ನಡತೆಗೆ ಹೇಗೆ ಕಾರಣ ಕಟ್ಟುತ್ತಾನೆ ಎಂಬುದನ್ನು ವಿವರಿಸಿದರು. ನಾನು ತಡವಾಗಿ ಬಂದರೆ ಬಸ್ಸು ಸಿಗಲಿಲ್ಲ. ನೀನು ತಡವಾಗಿ ಬಂದರೆ ನಿನಗೆ ಜವಾಬ್ದಾರಿ ಇಲ್ಲ. 1977ರಲ್ಲಿ ಲೀ ರಾಸ್ ಎಂಬ ಇನ್ನೊಬ್ಬ ವಿದ್ವಾಂಸರು, ಪರರ ವಿಷಯದಲ್ಲಿ ಸಂದರ್ಭವನ್ನು ಮರೆತು ಸ್ವಭಾವವನ್ನೇ ದೂರುವ ಈ ಅಭ್ಯಾಸವನ್ನು ಮನುಷ್ಯನ ಮೂಲಭೂತ ತಪ್ಪು ಎಂದೇ ಕರೆದರು. 1990ರಲ್ಲಿ ಥಾಮಸ್ ಬ್ರಾಡ್‌ಬರಿ ಮತ್ತು ಫ್ರಾಂಕ್ ಫಿಂಚಮ್ ಅಲ್ಲಿಯವರೆಗೆ ದಂಪತಿಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅವರು ಕಂಡದ್ದು ಇದು. ನೊಂದ ದಾಂಪತ್ಯದಲ್ಲಿ ಸಂಗಾತಿ ಮಾಡಿದ ತಪ್ಪು ಅವಳ ಅಥವಾ ಅವನ ಗುಣದಿಂದಲೇ ಬಂದದ್ದು, ಒಳ್ಳೆಯ ಕೆಲಸ ಮಾಡಿದರೆ ಅದು ಹೇಗೋ ಆಗಿಹೋದದ್ದು. ನೆಮ್ಮದಿಯ ದಾಂಪತ್ಯದಲ್ಲಿ ಇದು ತಿರುಗುಮುರುಗು. ಒಂದೇ ಉಪ್ಪು ಹೆಚ್ಚಾದ ಸಾರು. ಒಂದು ಮನೆಯಲ್ಲಿ "ಇವತ್ತು ನಿನಗೆ ತಲೆನೋವು ಇತ್ತೋ ಏನೋ", ಇನ್ನೊಂದು ಮನೆಯಲ್ಲಿ "ನಿನ್ನ ತಾಯಿ ಕಲಿಸಿದ್ದು ಇಷ್ಟೇ".

ಹಾಗಾದರೆ ತಪ್ಪಾದಾಗ ಬಾಯಿ ಮುಚ್ಚಿಕೊಂಡು ಇರಬೇಕೇ? ಖಂಡಿತ ಬೇಡ.  ಅಮೆರಿಕದ ಸಿಯಾಟಲ್ ನಗರದಲ್ಲಿ ಜಾನ್ ಗಾಟ್‌ಮನ್ ಎಂಬ ಪ್ರಾಧ್ಯಾಪಕರು 1986ರಲ್ಲಿ ದಂಪತಿಗಳ ಮಾತುಕತೆಯನ್ನು ಗಮನಿಸಲು ಒಂದು ಪ್ರಯೋಗಶಾಲೆ ತೆರೆದು, ಹಲವಾರು ವರ್ಷ ನೂರಾರು ಜೋಡಿಗಳನ್ನು ನೋಡಿದರು. ಅವರು ದೂರು ಬೇರೆ, ದೂಷಣೆ ಬೇರೆ ಎನ್ನುತ್ತಾರೆ. "ಮದ್ದು ಬಿಡಲಿಲ್ಲ, ನನಗೆ ಚಿಂತೆಯಾಗಿದೆ" ಎಂಬುದು ದೂರು. "ನೀನು ಯಾವತ್ತೂ ಹೀಗೆಯೇ" ಎಂಬುದು ದೂಷಣೆ. ಮೊದಲನೆಯದು ಕೆಲಸದ ಮೇಲೆ ಬೀಳುತ್ತದೆ, ಎರಡನೆಯದು ಮನುಷ್ಯನ ಮೇಲೆ. ದೂಷಣೆಯ ಹಿಂದೆಯೇ ತಾತ್ಸಾರ ಬರುತ್ತದೆ, ಅಂದರೆ ಮೂಗು ಮುರಿಯುವುದು, ಅಣಕಿಸುವುದು, ಅಪ್ಪ ಅಮ್ಮನ ಹೆಸರು ಎಳೆಯುವುದು. ಆಮೇಲೆ ಸಮರ್ಥನೆ, ಕೊನೆಗೆ ಮೌನದ ಗೋಡೆ. ಈ ನಾಲ್ಕರಲ್ಲಿ ತಾತ್ಸಾರವೇ ಮದುವೆಯನ್ನು ಮುರಿಯುವುದರಲ್ಲಿ ಮುಂದು ಎಂಬುದು ಅವರ ಅನುಭವ. 1999ರಲ್ಲಿ ಅವರು ತಮ್ಮ ಸಹೋದ್ಯೋಗಿಯೊಂದಿಗೆ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 124 ನವದಂಪತಿಗಳ ಜಗಳವನ್ನು ನೋಡಿದ್ದರು. ಮಾತಿನ ಮೊದಲ ಮೂರು ನಿಮಿಷ ಹೇಗಿತ್ತೆಂದು ನೋಡಿದರೇ ಆರು ವರ್ಷದ ನಂತರ ಆ ಮದುವೆ ಉಳಿದೀತೇ ಎಂದು ಬಹುಮಟ್ಟಿಗೆ ಹೇಳಬಹುದಾಗಿತ್ತು. ಮೂರು ನಿಮಿಷವೆಂದರೆ ಒಂದು ಲೋಟ ಕಾಫಿ ಕುಡಿಯುವ ಹೊತ್ತು ಮಾತ್ರ.

ಬೋರ್ಡೋ ಮಾಡುವವರಿಗೆ ಇದು ಹೊಸತಲ್ಲ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಕಡಿಮೆಯಾದರೆ ಕತ್ತಿಯ ಅಲಗು ಅದ್ದಿದಾಗ ಕೆಂಪಗೆ ತಾಮ್ರ ಹಿಡಿಯುತ್ತದೆ. ಅಂಥ ಮದ್ದನ್ನು ಬಿಟ್ಟರೆ ರೋಗ ಸಾಯುವ ಮೊದಲು ಎಳೆಕಾಯಿಯೇ ಸುಟ್ಟುಹೋಗುತ್ತದೆ. ಸತ್ಯ ಹೇಳುವವರಲ್ಲಿ ಬಹಳ ಮಂದಿ ಅಲಗು ಅದ್ದಿ ನೋಡುವುದಿಲ್ಲ. "ನಾನು ಹೇಳಿದ್ದು ಸರಿಯಲ್ಲವೇ?" ಎನ್ನುತ್ತಾರೆ. ಸರಿಯೇ ಇರಬಹುದು, ಸುಣ್ಣ ಎಷ್ಟು ಹಾಕಿದ್ದೀರಿ?

ಪವಿತ್ರ ಗ್ರಂಥದಲ್ಲಿ ದೂಷಣೆ ಏದೆನ್ ತೋಟದಲ್ಲೇ ಶುರುವಾಗುತ್ತದೆ. ಹಣ್ಣು ತಿಂದ ಆದಾಮನು ಹೆಂಡತಿಯನ್ನು ತೋರಿಸುತ್ತಾನೆ. ಆಕೆಯನ್ನು ಕೊಟ್ಟದ್ದು ನೀನೇ ಅಲ್ಲವೇ ಎಂಬ ಧಾಟಿಯಲ್ಲಿ ದೇವರನ್ನೂ ಸೇರಿಸಿಕೊಳ್ಳುತ್ತಾನೆ. ಆಕೆ ಸರ್ಪವನ್ನು ತೋರಿಸುತ್ತಾಳೆ. ಇದನ್ನು ನಾವು ಪ್ರವಚನಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ನನಗೆ ಇದಕ್ಕಿಂತ ಹತ್ತಿರವಾಗಿ ಕಾಣುವುದು ತೋಬಿತನ ಗ್ರಂಥದ ಎರಡನೆಯ ಅಧ್ಯಾಯ. ನಮ್ಮಲ್ಲಿ ಮದುವೆಯ ಪೂಜೆಗೆ ಈ ಗ್ರಂಥದ ಎಂಟನೆಯ ಅಧ್ಯಾಯದ ತೋಬಿಯ ಮತ್ತು ಸಾರಾಳ ಪ್ರಾರ್ಥನೆಯನ್ನು ಓದುವುದುಂಟು. ಆದರೆ ವರನ ತಂದೆತಾಯಿಯ ಜಗಳವನ್ನು ಮದುವೆಯ ದಿನ ಯಾರೂ ಓದುವುದಿಲ್ಲ. ಓದಬೇಕಿತ್ತು ಎಂದು ನನ್ನ ಅಭಿಪ್ರಾಯ.

ತೋಬಿತ ನಿನೆವೆಯಲ್ಲಿ ಸೆರೆಯಾಳಾಗಿ ಬದುಕಿದ ಯೆಹೂದ್ಯ. ಧರ್ಮಿಷ್ಠ. ಹಸಿದವರಿಗೆ ಅನ್ನ ಕೊಟ್ಟವನು, ಬೀದಿಯಲ್ಲಿ ಬಿದ್ದ ಹೆಣಗಳನ್ನು ಅರಸನ ಭಯವನ್ನೂ ಲೆಕ್ಕಿಸದೆ ಮಣ್ಣು ಮಾಡಿದವನು. ಒಂದು ರಾತ್ರಿ ಅಂಗಳದ ಗೋಡೆಯ ಬದಿಯಲ್ಲಿ ಮಲಗಿದ್ದಾಗ ಗುಬ್ಬಿಗಳ ಹಿಕ್ಕೆ ಕಣ್ಣಿಗೆ ಬಿದ್ದು ಪೊರೆ ಬಂತು. ವೈದ್ಯರು ಮದ್ದು ಹಚ್ಚಿದಷ್ಟೂ ಪೊರೆ ದಪ್ಪವಾಯಿತು. ನಾಲ್ಕು ವರ್ಷ ಕುರುಡ. ಮನೆ ನಡೆಸುವುದು ಹೆಂಡತಿ ಅನ್ನಾಳ ಪಾಲಿಗೆ ಬಂತು. ಆಕೆ ಕೂಲಿಗೆ ಬಟ್ಟೆ ನೇಯ್ದಳು. ಒಂದು ದಿನ ನೇಯ್ದ ಬಟ್ಟೆ ಕೊಟ್ಟಾಗ ಧಣಿಗಳು ಪೂರ್ತಿ ಕೂಲಿ ಕೊಟ್ಟು, ಮೇಲೆ ಒಂದು ಮೇಕೆಮರಿಯನ್ನೂ ಕೊಟ್ಟರು. ಮರಿ ಮನೆಗೆ ಬಂದು ಅರಚಿತು. ಕುರುಡ ಗಂಡನು ಇದೆಲ್ಲಿಯದು, ಕದ್ದದ್ದೋ, ಹಾಗಿದ್ದರೆ ಹಿಂದಕ್ಕೆ ಕೊಡು ಎಂದ. ಉಡುಗೊರೆ ಎಂದು ಆಕೆ ಹೇಳಿದರೂ ನಂಬಲಿಲ್ಲ. ಆಕೆಯ ಪರವಾಗಿ ತಾನು ನಾಚಿಕೊಂಡ. ಆಗ ಅನ್ನಾ ಸಿಡಿದಳು. ನಿನ್ನ ದಾನಧರ್ಮವೆಲ್ಲ ಈಗ ಎಲ್ಲಿ, ನಿನ್ನ ಪುಣ್ಯದ ಫಲ ಊರಿಗೇ ಕಾಣುತ್ತಿದೆ ಎಂಬ ಅರ್ಥದ ಮಾತಾಡಿದಳು. ತೋಬಿತ ಅಳುತ್ತ ಸಾವನ್ನೇ ಬೇಡಿಕೊಂಡ.

ಒಂದು ಮೇಕೆಮರಿಗಾಗಿ ಮನುಷ್ಯ ಸಾವನ್ನು ಬೇಡುತ್ತಾನೆಯೇ? ಇಲ್ಲ. ಜಗಳ ಮೇಕೆಮರಿಯದ್ದಾಗಿರಲೇ ಇಲ್ಲ. ನಾಲ್ಕು ಜನರಿಗೆ ಅನ್ನ ಹಾಕಿದ ಕೈ ಈಗ ಹೆಂಡತಿಯ ಕೂಲಿಗೆ ಚಾಚಿದೆ, ಆ ನೋವನ್ನು ಅವನು ಹೇಳಲಾರ. ಉಳಿದಿರುವುದು ಪ್ರಾಮಾಣಿಕತೆ ಒಂದೇ. ಅದಕ್ಕೂ ಎಲ್ಲಿ ಕುಂದು ಬಂತೋ ಎಂಬ ಹೆದರಿಕೆ. ಆಕೆಯ ಕಡೆಯಿಂದ ನೋಡಿ. ದಿನವಿಡೀ ಮಗ್ಗದ ಮುಂದೆ ಕುಳಿತು, ಸಂತೋಷದಿಂದ ಒಂದು ಮರಿಯನ್ನು ಎತ್ತಿಕೊಂಡು ಬಂದವಳಿಗೆ ಸಿಕ್ಕಿದ್ದು ಕಳ್ಳಿ ಎಂಬ ಹೆಸರು. ಇಬ್ಬರೂ ಹೇಳಬೇಕಾದದ್ದನ್ನು ಹೇಳಲಿಲ್ಲ, ಹೇಳಬಾರದ್ದನ್ನು ಹೇಳಿದರು. ಆಕೆಯ ಮಾತು ಬಿದ್ದದ್ದೂ ಅವನಿಗೆ ಎಲ್ಲಿ ಹೆಚ್ಚು ನೋಯುವುದೋ ಅಲ್ಲಿಗೇ. ನೋಯುವ ಜಾಗ ಸಂಗಾತಿಗಲ್ಲದೆ ಇನ್ಯಾರಿಗೆ ಅಷ್ಟು ಸರಿಯಾಗಿ ಗೊತ್ತಿರುತ್ತದೆ?

ಅದೇ ದಿನ ದೂರದ ಎಕ್ಬತಾನದಲ್ಲಿ ಸಾರಾ ಎಂಬ ಯುವತಿ, ಏಳು ಮಂದಿ ಗಂಡಂದಿರ ಸಾವಿಗೆ ನೀನೇ ಕಾರಣ ಎಂಬ ದಾಸಿಯ ಮಾತು ಕೇಳಿ ಸಾಯಲು ಹೊರಟಿದ್ದಳು. ಮಾಡದ ತಪ್ಪಿಗೆ ದೂಷಣೆ ಕೇಳಿದವಳು. ಎರಡು ಮನೆಗಳ ಕಣ್ಣೀರು ಒಂದೇ ಹೊತ್ತಿಗೆ ದೇವರ ಸನ್ನಿಧಿಗೆ ಮುಟ್ಟಿತು ಎನ್ನುತ್ತದೆ ಗ್ರಂಥ.

ತೋಬಿತ ಮತ್ತು ಅನ್ನಾ ಆ ಮೇಕೆಮರಿಯ ವಿಷಯದಲ್ಲಿ ರಾಜಿಯಾದರೆಂದು ಎಲ್ಲಿಯೂ ಬರೆದಿಲ್ಲ. ಅವರು ಜಗಳ ಬಿಡಲೂ ಇಲ್ಲ. ಮಗ ತೋಬಿಯನನ್ನು ದೂರದೇಶಕ್ಕೆ ಹಣ ತರಲು ಕಳಿಸಿದಾಗ ಆಕೆ ಮತ್ತೆ ಗಂಡನನ್ನು ದೂರಿದಳು: ನನ್ನ ಮಗನನ್ನು ಯಾಕೆ ಕಳಿಸಿದಿರಿ, ಹಣ ಹಣವೆಂದು ಮಗನನ್ನು ಕಳಕೊಳ್ಳಬೇಕೇ? ಆದರೆ ಈ ಸಲ ತೋಬಿತ ಸಮರ್ಥನೆಗೆ ಇಳಿಯಲಿಲ್ಲ. ಆಕೆಯನ್ನು ತಂಗಿ ಎಂದು ಪ್ರೀತಿಯಿಂದ ಕರೆದು, ಹೆದರಬೇಡ, ಮಗ ಕ್ಷೇಮವಾಗಿ ಬರುತ್ತಾನೆ ಎಂದ. ಆಕೆ ಅಳು ನಿಲ್ಲಿಸಿದಳು. ದೂಷಣೆಯ ಮಾತಿನೊಳಗೆ ಭಯ ಇತ್ತು. ಅವನು ಮಾತಿಗೆ ಉತ್ತರ ಕೊಡದೆ ಭಯಕ್ಕೆ ಉತ್ತರ ಕೊಟ್ಟ. ಎರಡನೆಯ ಅಧ್ಯಾಯದಿಂದ ಐದನೆಯ ಅಧ್ಯಾಯಕ್ಕೆ ಬರುವಾಗ ಆ ಕುರುಡನು ಅಷ್ಟು ಕಲಿತಿದ್ದ. ಹತ್ತನೆಯ ಅಧ್ಯಾಯದಲ್ಲಿ ಮಗ ತಡವಾದಾಗ ಅದೇ ಸಮಾಧಾನ ಆಕೆಗೆ ಹಿಡಿಸಲಿಲ್ಲ, ನೀವು ಸುಮ್ಮನಿರಿ ಎಂದುಬಿಟ್ಟಳು. ಅದೂ ಇದೆ. ಒಮ್ಮೆ ಫಲಿಸಿದ ಮದ್ದು ಪ್ರತಿ ಸಲವೂ ಫಲಿಸುವುದಿಲ್ಲ. ಆಗ ಅವನು ಮರುಜಗಳಕ್ಕೆ ಹೋದ ಎಂದೂ ಇಲ್ಲ.

ಇನ್ನು ಆರೋಗ್ಯದ ವಿಷಯಕ್ಕೆ ಬರೋಣ. ಜಗಳದಿಂದ ಮೈಗೆ ಏನಾಗುತ್ತದೆ? ಓಹಾಯೊ ರಾಜ್ಯದ ವಿಶ್ವವಿದ್ಯಾನಿಲಯದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು 42 ದಂಪತಿಗಳ ತೋಳಿನ ಮೇಲೆ ಸಣ್ಣ ಗುಳ್ಳೆಗಳನ್ನು ಮಾಡಿ, ಅವು ಎಷ್ಟು ದಿನಕ್ಕೆ ಮಾಯುತ್ತವೆ ಎಂದು ನೋಡಿದರು. ಇದು 2005ರಲ್ಲಿ ಪ್ರಕಟವಾಯಿತು. ಒಂದು ಸಲ ದಂಪತಿಗಳು ಪರಸ್ಪರ ಆಸರೆಯ ಮಾತಾಡಿದರು, ಇನ್ನೊಂದು ಸಲ ಭಿನ್ನಾಭಿಪ್ರಾಯದ ವಿಷಯ ಎತ್ತಿಕೊಂಡರು. ಜಗಳದ ನಂತರ ಗಾಯ ನಿಧಾನವಾಗಿ ಮಾಯಿತು. ಕಟುವಾಗಿ ಮಾತಾಡುವ ಜೋಡಿಗಳಲ್ಲಿ ಗಾಯ ಮಾಯುವ ವೇಗ ಇತರರಿಗಿಂತ ಬಹಳ ಕಡಿಮೆ, ಸುಮಾರು ಶೇಕಡಾ 60 ಮಾತ್ರ. ಸಕ್ಕರೆ ಕಾಯಿಲೆಯಿದ್ದು ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಿಸಿಕೊಳ್ಳುವವರ ಮನೆಯಲ್ಲಿ ಈ ಮಾತು ನೆನಪಿರಲಿ.

ಆದರೆ ನಾನು ಹೆಚ್ಚು ಹೇಳಬೇಕೆಂದಿರುವುದು ಇದರ ಹಿಂದುಮುಂದಾದ ವಿಷಯವನ್ನು. ಅನೇಕ ಸಲ ನಾವು ಗುಣವೆಂದು ದೂಷಿಸುವುದು ಕಾಯಿಲೆಯನ್ನು.

ನನ್ನ ಮನೆಯದ್ದೇ ಹೇಳುತ್ತೇನೆ. ಮದುವೆಯಾಗಿ ಹದಿನೈದು ವರ್ಷವಾದಾಗ ನನ್ನ ಮನೆಯಾಕೆ ಬೆಳಿಗ್ಗೆ ಏಳುವುದು ತಡವಾಗತೊಡಗಿತು. ಹಟ್ಟಿಯ ಕೆಲಸ ಅರ್ಧದಲ್ಲಿ ಬಿಟ್ಟು ಕುಳಿತುಕೊಳ್ಳುತ್ತಿದ್ದಳು, ಮೆಟ್ಟಿಲು ಹತ್ತಿದರೆ ಏದುಸಿರು. ನಾನು ಸೋಮಾರಿತನ ಎಂದೆ. ನನ್ನ ತಾಯಿಯನ್ನು ತೋರಿಸಿ, ಅವರು ಈ ಪ್ರಾಯದಲ್ಲಿ ಎಷ್ಟು ಕೆಲಸ ಮಾಡುತ್ತಿದ್ದರು ಗೊತ್ತೇ ಎಂದೆ. ಹಾಗೆ ಒಂದು ವರ್ಷ ಹೇಳಿದೆ. ಕೊನೆಗೆ ಒಂದು ಭಾನುವಾರ ಪೂಜೆಯಲ್ಲಿ ಆಕೆ ತಲೆತಿರುಗಿ ಬಿದ್ದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.4 ಗ್ರಾಂ. ಗರ್ಭಿಣಿಯಲ್ಲದ ಹೆಂಗಸಿಗೆ 12 ಇರಬೇಕು. ಗರ್ಭಕೋಶದ ಗೆಡ್ಡೆಯಿಂದ ತಿಂಗಳು ತಿಂಗಳು ರಕ್ತ ಹೋಗುತ್ತಿತ್ತು. ಆಕೆ ಅದನ್ನು ನನಗೆ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಆಸ್ಪತ್ರೆಯಲ್ಲಿ ಕೇಳಿದೆ. "ಹೇಳಿದರೆ ಅದಕ್ಕೂ ನೀವು ಏನಾದರೂ ಹೇಳುತ್ತಿದ್ದಿರಿ" ಎಂದಳು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಇವತ್ತಿಗೂ ಇಲ್ಲ. ದೂಷಣೆಯಿಂದ ಆಗುವ ದೊಡ್ಡ ನಷ್ಟ ಇದೇ ಎಂದು ನನಗೆ ಅಂದು ಗೊತ್ತಾಯಿತು. ಮನೆಯವರು ನಮಗೆ ಹೇಳುವುದನ್ನು ನಿಲ್ಲಿಸುತ್ತಾರೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ಅವರಲ್ಲಿ ಎಷ್ಟು ಮಂದಿ ತಮ್ಮ ಮನೆಯಲ್ಲಿ ಸೋಮಾರಿಗಳೋ! ಥೈರಾಯ್ಡ್ ಕಡಿಮೆಯಾದವರಿಗೂ ಸುಸ್ತು, ಮರೆವು, ಮೈ ಭಾರ. ಹೆರಿಗೆಯಾದ ಕೆಲವು ವಾರಗಳಲ್ಲಿ ಮಗುವನ್ನು ಎತ್ತಲೂ ಮನಸ್ಸಿಲ್ಲದೆ ಅಳುವ ತಾಯಿ ಕೆಟ್ಟವಳಲ್ಲ, ಆಕೆಗೆ ಚಿಕಿತ್ಸೆ ಬೇಕಾದ ಖಿನ್ನತೆ ಇರಬಹುದು. ಗಂಡಸರದ್ದೂ ಇದೆ. ಸಕ್ಕರೆ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವನು ಊಟ ತಡವಾದಾಗ ಸಿಡುಕುವುದು ಬರೇ ಕೋಪವಲ್ಲ, ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ಅರುವತ್ತು ದಾಟಿದ ಗಂಡ "ನಾನು ಹೇಳಿದ್ದನ್ನು ಕೇಳಿಸಿಕೊಳ್ಳುವುದೇ ಇಲ್ಲ" ಎಂದು ದೂರುವ ಹೆಂಗಸರು ಮೊದಲು ಅವರ ಕಿವಿ ಪರೀಕ್ಷೆ ಮಾಡಿಸಲಿ. ಮರ ಕಡಿಯುವ, ಹುಲ್ಲು ಕತ್ತರಿಸುವ ಯಂತ್ರ ಹಿಡಿದು ವರ್ಷಗಟ್ಟಲೆ ದುಡಿದವರ ಕಿವಿ ನಿಜವಾಗಿಯೂ ಮಂದವಾಗಿರುತ್ತದೆ.

ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಮನೆಗಳು ನಮ್ಮಲ್ಲಿ ಇಲ್ಲ ಎಂದು ಹೇಳಲು ನನಗೆ ಧೈರ್ಯವಿಲ್ಲ. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣು ಎಕ್ಸ್ ವರ್ಣತಂತು ತಂದಿತೇ ವೈ ತಂದಿತೇ ಎಂಬುದರ ಮೇಲೆ ಹೋಗುತ್ತದೆ. ವರ್ಣತಂತುವಿಗೂ ಲಿಂಗಕ್ಕೂ ಇರುವ ಈ ಸಂಬಂಧ 1905ರಲ್ಲೇ ನೆಟ್ಟಿ ಸ್ಟೀವನ್ಸ್ ಎಂಬ ವಿಜ್ಞಾನಿ ಮಹಿಳೆಯ ಸಂಶೋಧನೆಯಿಂದ ಗೊತ್ತಾಗಿದೆ. ತಂದೆಗೂ ಅದರಲ್ಲಿ ಆಯ್ಕೆಯಿಲ್ಲ, ಆದ್ದರಿಂದ ಈಗ ಅವನನ್ನು ದೂರಲು ಹೊರಡಬೇಡಿ. ಮಕ್ಕಳಾಗದಿದ್ದರೆ ಇಬ್ಬರೂ ಪರೀಕ್ಷೆ ಮಾಡಿಸಬೇಕು. ಹೆಂಡತಿಯನ್ನು ಮೂರು ಆಸ್ಪತ್ರೆ ತೋರಿಸಿ, ತಾನು ಒಂದು ಸಲವೂ ಹೋಗದ ಗಂಡಸರನ್ನು ನಾನು ಬಲ್ಲೆ.

ಇಷ್ಟು ಓದಿದವರು, ಮಾಡುವುದೇನು ಎಂದು ಕೇಳುತ್ತೀರಿ. ಮೊದಲಿಗೆ ಹೊತ್ತು ನೋಡಿ. ಮದ್ದು ಬಿಡಲು ಮಳೆ ಬಿಡುವ ಹೊತ್ತು ಕಾಯುವ ನಾವು, ಮಾತಿಗೆ ಹೊತ್ತು ಕಾಯುವುದಿಲ್ಲ. ಹಸಿವೆಯಲ್ಲಿ, ಕುಡಿದಾಗ, ನೆಂಟರ ಮುಂದೆ, ಮಕ್ಕಳ ಮುಂದೆ, ಮೊಬೈಲಿನ ಕುಟುಂಬದ ಗುಂಪಿನಲ್ಲಿ ಹೇಳಿದ ಮಾತು ಸರಿಯಿದ್ದರೂ ಹಾಳು. ಎದೆ ಡವಡವ ಎನ್ನುವಾಗ ಕಿವಿ ಕೇಳಿಸುವುದಿಲ್ಲ. ಹಾಗಾದಾಗ ಕನಿಷ್ಠ 20 ನಿಮಿಷ ಬಿಡುವು ಕೊಡಿ ಎಂದು ಗಾಟ್‌ಮನ್ ಹೇಳುತ್ತಾರೆ. ಆದರೆ "ಆಮೇಲೆ ಮಾತಾಡುವ" ಎಂದು ಹೇಳಿ ಹೋಗಿ, ಹೇಳಿದ ಹಾಗೆ ಬನ್ನಿ. ಹೇಳದೆ ಎದ್ದುಹೋಗುವುದು ಇನ್ನೊಂದು ಪೆಟ್ಟು. ಒಂದು ಸಲಕ್ಕೆ ಒಂದೇ ವಿಷಯ ಸಾಕು. "ಯಾವತ್ತೂ", "ಒಂದು ದಿನವೂ" ಎಂಬ ಮಾತುಗಳನ್ನು ಮೊದಲೇ ಹೊರಗಿಟ್ಟು ಬನ್ನಿ. ಅವು ಸುಳ್ಳೂ ಹೌದು.

ಎರಡನೆಯದು, ಸಂಗಾತಿಯ ದೂಷಣೆಯಲ್ಲಿ ಹತ್ತರಲ್ಲಿ ಒಂದು ಪಾಲು ನಿಜವಿದ್ದರೂ ಆ ಒಂದನ್ನು ಮೊದಲು ಒಪ್ಪಿಕೊಳ್ಳುವುದು. ಇದು ಗಂಡಸರಿಗೆ ಬಹಳ ಕಷ್ಟ, ನನಗೆ ಗೊತ್ತು. ಪಾಪನಿವೇದನೆಗೆ ಹೋಗಿ ಹೆಂಡತಿಯ ಪಾಪಗಳನ್ನು ವಿವರವಾಗಿ ನಿವೇದಿಸಿ ಬರುವವರಿದ್ದಾರೆ ಎಂದು ಹಿರಿಯ ಗುರುಗಳೊಬ್ಬರು ನಗುತ್ತಾ ಹೇಳಿದ್ದರು. ಕಣ್ಣಿನ ತೊಲೆಯ ಸಾಮತಿಯನ್ನು ಯೇಸುಸ್ವಾಮಿ ಹೇಳಿದ್ದು ನಮ್ಮ ಜಗಲಿಯನ್ನು ನೋಡಿಯೇ ಇರಬೇಕು.

ಬಾಯಲ್ಲಿ ಹೇಳಲು ಬಾರದವರು ಬರೆಯಬಹುದು. ಸ್ಪೇನ್ ದೇಶದ ಗುರು ಗಾಬ್ರಿಯೆಲ್ ಕಾಲ್ವೊ 1962ರಲ್ಲಿ ಬಾರ್ಸೆಲೋನಾದಲ್ಲಿ 28 ದಂಪತಿಗಳೊಂದಿಗೆ ಶುರುಮಾಡಿದ ಮ್ಯಾರೇಜ್ ಎನ್‌ಕೌಂಟರ್ ಶಿಬಿರಗಳಲ್ಲಿ ಇದೇ ಪದ್ಧತಿ ಬೆಳೆದು ಬಂತು: ಹತ್ತು ನಿಮಿಷ ಇಬ್ಬರೂ ಬೇರೆ ಬೇರೆ ಕುಳಿತು ತಮ್ಮ ಮನಸ್ಸನ್ನು ಬರೆಯುವುದು, ಒಬ್ಬರದನ್ನೊಬ್ಬರು ಓದುವುದು, ಮತ್ತೆ ಹತ್ತು ನಿಮಿಷ ಮಾತಾಡುವುದು. ಬರೆಯುವಾಗ ಕೈ ತಾನಾಗಿ ಮೆಲ್ಲಗಾಗುತ್ತದೆ. ಜಗದ್ಗುರು ಪೋಪ್ ಫ್ರಾನ್ಸಿಸ್ 2016ರಲ್ಲಿ ಕುಟುಂಬ ಪ್ರೀತಿಯ ಕುರಿತು ಹೊರಡಿಸಿದ 'ಅಮೋರಿಸ್ ಲೆತೀತ್ಸಿಯಾ' ಎಂಬ ಪತ್ರದಲ್ಲಿ ಮನೆಗೆ ಮೂರು ಮಾತು ಬೇಕು ಎಂದರು: ದಯವಿಟ್ಟು, ವಂದನೆ, ಕ್ಷಮಿಸು. ರಾಜಿಯಾಗದೆ ದಿನ ಮುಗಿಸಬೇಡಿ, ಅದಕ್ಕೆ ದೊಡ್ಡ ಮಾತೇ ಬೇಕಿಲ್ಲ, ಮೃದುವಾದ ಒಂದು ಸ್ಪರ್ಶವೂ ಸಾಕು ಎಂಬುದೂ ಅದರಲ್ಲಿದೆ. ನಮ್ಮ ಊರಿನಲ್ಲಿ ಗಂಡಸರು ಹೆಂಡತಿಗೆ ವಂದನೆ ಎನ್ನುವುದು ನಾಟಕದಂತೆ ಕೇಳಿಸೀತು. "ಸಾರು ಒಳ್ಳೆದಾಗಿದೆ" ಎಂದರೂ ಅದೇ ಆಯಿತು. ನೆಮ್ಮದಿಯ ದಂಪತಿಗಳು ಜಗಳದ ನಡುವೆಯೂ ಒಂದು ಕಹಿ ಮಾತಿಗೆ ಐದು ಸಿಹಿ ಮಾತು ಆಡುತ್ತಾರೆಂದು ಗಾಟ್‌ಮನ್ ಲೆಕ್ಕ ಹಾಕಿದ್ದರು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮೇಲೆ ಬರೆದದ್ದೆಲ್ಲ ಮಾತು ತಪ್ಪಿದ ಮನೆಗಳಿಗೆ, ಕೈ ಎತ್ತುವ ಮನೆಗಳಿಗಲ್ಲ. ಹೊಡೆತ, ವರದಕ್ಷಿಣೆಯ ಕಾಟ, ಕುಡಿದು ಬಂದು ರಾತ್ರಿ ಹೊರಗೆ ಹಾಕುವುದು, ಪ್ರತಿದಿನದ ಅವಮಾನ, ಇವಕ್ಕೆ ಸಹನೆಯೇ ಮದ್ದು ಎಂದು ಹೇಳಿ ಹೆಣ್ಣುಮಗಳನ್ನು ತಿರುಗಿ ಕಳಿಸುವವರು ಶಿಲುಬೆಯ ಹೆಸರನ್ನು ತಪ್ಪಾಗಿ ಬಳಸುತ್ತಾರೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆಯಲ್ಲಿ ಮಾತಿನ ಹಿಂಸೆಯೂ ಸೇರಿದೆ. ಮಕ್ಕಳಿಲ್ಲವೆಂದು, ಗಂಡುಮಗು ಇಲ್ಲವೆಂದು ಹೀಯಾಳಿಸುವುದನ್ನು ಅದು ಹೆಸರೆತ್ತಿಯೇ ಹೇಳುತ್ತದೆ. ಧರ್ಮಸಭೆಯ ಕಾನೂನು ಕೂಡ, 1153ನೆಯ ವಿಧಿಯಲ್ಲಿ, ಸಂಗಾತಿಯ ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯ ತರುವವರಿಂದ ಬೇರೆಯಾಗಿ ವಾಸಿಸಲು ಅವಕಾಶ ಕೊಡುತ್ತದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181.

ಮತ್ತೆ ಆ ಮನೆಗೆ ಬರುತ್ತೇನೆ. ಅಂದು ನಾನು ಹೇಳಿದ್ದು ತೋಟದ ವಿಷಯ ಮಾತ್ರ. ಉದುರಿದ ಕಾಯಿ ಹೆಕ್ಕಿ ಹೊರಗೆ ಸಾಗಿಸಿ ನಾಶ ಮಾಡಿ, ರೋಗ ಹಿಡಿದ ಗೊನೆ ತೆಗೆಯಿರಿ, ಎರಡು ದಿನ ಹೊಳವು ಸಿಕ್ಕಿದ ಕೂಡಲೇ ಮದ್ದು ಬಿಡಿ ಎಂದೆ. ಮೇ 24ರ ಮಳೆಯ ಸಂಗತಿಯನ್ನೂ ಹೇಳಿದೆ. ಯಜಮಾನರು ಕ್ಯಾಲೆಂಡರಿನ ಹತ್ತಿರ ಹೋಗಿ ಮೇ ತಿಂಗಳ ಹಾಳೆ ತಿರುಗಿಸಿದರು. 26ನೇ ತಾರೀಕಿನ ಚೌಕದಲ್ಲಿ ಹೆಂಡತಿಯ ಅಕ್ಷರದಲ್ಲಿ "ಮದ್ದು" ಎಂದು ಬರೆದಿತ್ತು. ಅವರು ಸ್ವಲ್ಪ ಹೊತ್ತು ಅಲ್ಲೇ ನಿಂತರು. ಮತ್ತೆ ಈಚೆ ಬಂದು, ನನ್ನ ಕಡೆ ನೋಡುತ್ತಾ ಹೆಂಡತಿಗೆ ಕೇಳುವ ಹಾಗೆ, ಅಮ್ಮನ ಕಣ್ಣಿನ ಆಪರೇಷನ್ನಿಗೆ ಎಷ್ಟು ಹಣ ಕೊಟ್ಟೆ ಎಂದು ಹೇಳಿದರು. ಅಕ್ಕ ಉತ್ತರ ಕೊಡಲಿಲ್ಲ. ಒಳಗೆ ಹೋಗಿ, ತಣ್ಣಗಾಗಿದ್ದ ಕಾಫಿಯನ್ನು ಬಿಸಿ ಮಾಡಿ ತಂದರು. ಗಂಡನಿಗೆ ಕೊಡುವಾಗ ಮಾತ್ರ ಕೇಳಿದರು:

"ಮೈಲುತುತ್ತು ಎಷ್ಟು ಕಿಲೋ ಬೇಕು?"

"ನಾಲ್ಕು. ನಾನೇ ತರುತ್ತೇನೆ. ನೀನು ಆ ಮದ್ದು ಬಿಡುವವನಿಗೆ ಇನ್ನೊಮ್ಮೆ ಫೋನು ಮಾಡು, ನಿನ್ನ ಮಾತಾದರೆ ಅವನು ಕೇಳುತ್ತಾನೆ."